ಕಾಲುವೆಯ ಕೊನೆ ಭಾಗ

ಬೇಸಿಗೆ ಬೆಳೆಗೆ ಭದ್ರಾ ನೀರು ಬಿಡೋ ಚರ್ಚೆ ಶುರುವಾದ್ರೆ ದಾವಣಗೆರೆಯಲ್ಲಿ ಸಮಾಜಶಾಸ್ತ್ರದ ಪಾಠ ಪುಕ್ಕಟೆ. ಭತ್ತದವರಿಗೆ ನಾಟಿಯಿಂದ ಕಾಳು ಕಟ್ಟೋವರೆಗೂ ನೀರು ತಪ್ಪಬಾರದು. ಅಡಿಕೆಯವರಿಗೆ ಬಿಟ್ಟು ಬಿಟ್ಟು ಕೊಟ್ಟರೂ ನಡೆಯುತ್ತೆ, ಆದ್ರೆ ಮಳೆ ಹಿಡಿಯೋವರೆಗೂ ಬೇಕು. ಡ್ಯಾಮ್ ಅರ್ಧ ಖಾಲಿ ಇರೋ ವರ್ಷ ಎರಡೂ ಆಗಲ್ಲ. ಗದ್ದೆಯನ್ನ ಒಂದು ಹಂಗಾಮು ಬೀಳು ಬಿಟ್ಟು ಮಳೆಗಾಲಕ್ಕೆ ಮತ್ತೆ ನಾಟಿ ಮಾಡಬಹುದು. ತೋಟ ಒಣಗಿದ್ರೆ ಹೊಸ ಸಸಿ ಫಲಕ್ಕೆ ಬರೋಕೆ ಐದಾರು ವರ್ಷ. ಹಾಗಾಗಿ ಕಾಲುವೆ ಪಕ್ಕ ಅಡಿಕೆ ಹೆಚ್ಚಿದಷ್ಟೂ ಬಿಟ್ಟುಕೊಡೋ ಮನಸ್ಸು ಕಮ್ಮಿ, ಪಂಪ್‌ಸೆಟ್ ಜಾಸ್ತಿ.

ಕಾಲುವೆಯ ಮೇಲ್ಭಾಗದವರು ಪೈಪ್ ಇಳಿಸಿ ನೀರೆತ್ತಿದ್ರೂ, ಹೂಳು-ಜೊಂಡು ತೆಗೆಯದೆ ಬಿಟ್ಟರೂ ಹೊಡೆತ ಕೊನೆ ಭಾಗಕ್ಕೇ. 2000ದಲ್ಲಿ ನೀರಾವರಿ ಕಾಯ್ದೆ ತಿದ್ದಿ ರೈತರೇ ಸೇರಿ ನೀರು ಹಂಚಿಕೊಳ್ಳೋ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ದಾರಿ ಮಾಡಿದ್ದು ಇಂಥದ್ದಕ್ಕೇ. ಕಾಗದದ ಮೇಲೆ ಚೆನ್ನಾಗಿದೆ. ಒಂದೇ ತೂಬಿನ ಕೆಳಗೆ ಭತ್ತ, ಅಡಿಕೆ ಎರಡೂ ಇದ್ರೆ ಒಗ್ಗಟ್ಟು ಮೊದಲು ಮುರಿಯೋದು ರಾತ್ರಿ ಸರದಿಯಲ್ಲಿ: ಕೊನೆ ಹೊಲದವನು ಬ್ಯಾಟರಿ ಹಿಡಿದು ಕಾಲುವೆಗುಂಟ ಮೇಲಕ್ಕೆ ನಡೀತಾ, ಯಾರು ಎಲ್ಲಿ ನೀರು ತಿರುಗಿಸಿದ್ದಾರೆ ಅಂತ ಹುಡುಕಬೇಕು.

ಸರದಿಯನ್ನ ಕೊನೆ ಹೊಲದಿಂದಲೇ ಶುರು ಮಾಡಿದ್ರೆ ಈ ಜಗಳ ಎಷ್ಟೋ ಕಮ್ಮಿ. ಒಪ್ಪಿಸೋರು ಯಾರು? ಸಂಘದಲ್ಲಿ ಮಾತು ನಡೆಯೋರ ಜಮೀನು ಸಾಮಾನ್ಯವಾಗಿ ಮೇಲ್ಗಡೆಯೇ ಇರುತ್ತೆ ಬಿಡಿ.