ಸೆಲ್ ಬದಲಿಸುವ ಮುನ್ನ ಗೋಡೆಯ ಸ್ವಿಚ್ ನೋಡಿ

ಸೋಮವಾರ ಬೆಳಿಗ್ಗೆ ದೂರು ಬರುವುದು ಇಂಟರ್ನೆಟ್ ಬಗ್ಗೆ. ಬ್ಯಾಂಕ್ ಸೈಟ್ ತೆರೆಯುತ್ತಿಲ್ಲ, ಎಲ್ಲಿ ಹೋದರೂ ಸರ್ಟಿಫಿಕೇಟ್ ಎರರ್. ರೂಟರ್ ಕಡೆ ಹೋಗುವ ಮುಂಚೆ ಕಂಪ್ಯೂಟರ್ ಪರದೆಯ ಮೂಲೆಯ ತಾರೀಕು ನೋಡಿ: ಅದು ತಪ್ಪಿದ್ದರೆ ಸೈಟ್‌ನ ಗುರುತುಪತ್ರ, ಅಂದರೆ ಸರ್ಟಿಫಿಕೇಟ್, ಅವಧಿಯೊಳಗಿಲ್ಲ ಎಂದು ಬ್ರೌಸರ್ ತಿರಸ್ಕರಿಸುತ್ತದೆ. ಯಾವುದೋ ಹಳೆಯ ವರ್ಷದ ಜನವರಿ 1 ಅಂತಿದ್ದರೆ ಮದರ್‌ಬೋರ್ಡ್ ಸೆಲ್ ಮೇಲೆ, ಅಂದರೆ ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ನಾಣ್ಯದಂಥ ಸೆಲ್ ಮೇಲೆ, ಅನುಮಾನ ಪಡಿ.

ಸೋಮವಾರವೇ ಯಾಕೆ? ಪ್ಲಗ್‌ನಲ್ಲಿ ಕರೆಂಟ್ ಇರುವಷ್ಟು ಹೊತ್ತು ಎಸ್‌ಎಂಪಿಎಸ್‌ನ (ಕಂಪ್ಯೂಟರ್‌ಗೆ ವಿದ್ಯುತ್ ಕೊಡುವ ಡಬ್ಬಿ) 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನ್ ಗಡಿಯಾರವನ್ನು ನಡೆಸುತ್ತದೆ, ಸತ್ತ ಸೆಲ್ ಗೊತ್ತೇ ಆಗುವುದಿಲ್ಲ. ಶನಿವಾರ ಸಂಜೆ ಯಾರೋ ಮೇನ್ ಸ್ವಿಚ್ ಆಫ್ ಮಾಡಿದಾಗ ಬಣ್ಣ ಬಯಲಾಗುತ್ತದೆ. ಹಾಗಾಗಿ ರೀಸ್ಟಾರ್ಟ್ ಮಾಡಿ ನೋಡಿದರೆ ಏನೂ ತಿಳಿಯದು. ಪ್ಲಗ್ ಕಿತ್ತು ಅರ್ಧ ಗಂಟೆಯಾದರೂ ಬಿಡಬೇಕು. ಹೊಸ ಬೋರ್ಡ್‌ಗಳಲ್ಲಿ ಹಲವು ಸೆಟ್ಟಿಂಗ್ ಸೆಲ್ ಬೇಡದ ಫ್ಲ್ಯಾಶ್ ಚಿಪ್‌ನಲ್ಲಿ ಉಳಿಯುವುದರಿಂದ ಗಡಿಯಾರ ಮಾತ್ರ ಕೆಡುವುದೂ ಉಂಟು.

ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಸೆಲ್ ನಿರಪರಾಧಿ. ಅದೇ ಯಂತ್ರದಲ್ಲಿ ಲಿನಕ್ಸ್ ಕೂಡ ಇದೆಯೇ ಕೇಳಿ: ಅದು ಗಡಿಯಾರದಲ್ಲಿ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ, ಬರೆದಿಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ.

ಸೆಲ್ ತೆಗೆಯುವ ಮುಂಚೆ ಬಯೋಸ್‌ನ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಬೂಟ್ ಮತ್ತು ಸಾಟಾ (ಡಿಸ್ಕ್ ಜೋಡಣೆ) ಪುಟಗಳ ಫೋಟೋ ತೆಗೆದಿಡಿ. ಸೆಟ್ಟಿಂಗ್ ಡಿಫಾಲ್ಟ್‌ಗೆ ಮರಳಿದಾಗ ಸಾಟಾ ಮೋಡ್ ಬದಲಾದರೆ ವಿಂಡೋಸ್ ನೀಲಿ ಪರದೆಯಲ್ಲಿ ನಿಲ್ಲುತ್ತದೆ. ಹಾರ್ಡ್‌ಡಿಸ್ಕ್ ಹೋಯಿತೆಂದು ಫಾರ್ಮ್ಯಾಟ್ ಮಾಡಿ ಕೂರುವವರೂ ಇದ್ದಾರೆ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕೈಯಲ್ಲಿರದೆ ಮುಂದುವರಿಯಬೇಡಿ.

ಅಳೆಯುವುದು ಸೆಲ್ ಹೋಲ್ಡರ್‌ನಲ್ಲಿ ಇರುವಾಗಲೇ, ಪ್ಲಗ್ ಕಿತ್ತ ಮೇಲೆ. ಹೊರಗೆ 2.9 ವೋಲ್ಟ್ ತೋರಿಸಿದ ಸೆಲ್ ಲೋಡ್ ಬಿದ್ದಾಗ ಕುಸಿಯಬಹುದು. ಹೊಸದು 3 ವೋಲ್ಟ್‌ಗಿಂತ ತುಸು ಮೇಲಿರುತ್ತದೆ, 2.7ಕ್ಕಿಂತ ಕೆಳಗಿಳಿದಿದ್ದರೆ ಯೋಚಿಸದೆ ಬದಲಿಸಿ. ಬೇಕಾದದ್ದು ಸಿಆರ್2032. ಅಂಗಡಿಯವರು ಕೊಡುವ ಸಿಆರ್2016 ಅಷ್ಟೇ ಅಗಲ, ಅದೇ 3 ವೋಲ್ಟ್, ಆದರೆ ದಪ್ಪ 3.2ರ ಬದಲು 1.6 ಮಿಲಿಮೀಟರ್. ಹೋಲ್ಡರ್‌ನಲ್ಲಿ ಅಲುಗಾಡುತ್ತದೆ, ಒಮ್ಮೆ ತಾಗಿದರೆ ಇನ್ನೊಮ್ಮೆ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ರೀಚಾರ್ಜ್ ಆಗುವ ಎಂಎಲ್ ಜಾತಿಯ ಸೆಲ್ ಇದ್ದರೆ ಆ ಜಾಗಕ್ಕೆ ಸಿಆರ್ ಹಾಕಲೇಬೇಡಿ. ಚಾರ್ಜ್ ಮಾಡಿದರೆ ಅದು ಸೋರುತ್ತದೆ, ಉಬ್ಬುತ್ತದೆ.

ಹೊಸ ಸೆಲ್ ಆರು ತಿಂಗಳಲ್ಲೇ ಸತ್ತರೆ ಮೂರನೆಯದು ಹಾಕಿ ಪ್ರಯೋಜನವಿಲ್ಲ. ಪ್ಲಗ್ ಕಿತ್ತೇ, ಸೆಲ್‌ಗೂ ಅದರ ಪ್ಲಸ್ ಬದಿಗೆ ತಾಗುವ ಲೋಹದ ಪಟ್ಟಿಗೂ ನಡುವೆ ಕಾಗದದ ಚೂರು ತೂರಿಸಿ, ಮೈಕ್ರೋಆಂಪ್‌ಗೆ ಇಟ್ಟ ಮೀಟರಿನ ಒಂದು ಮೊನೆ ಸೆಲ್‌ಗೆ, ಇನ್ನೊಂದು ಪಟ್ಟಿಗೆ ತಾಗಿಸಿ. ಸುಮಾರು 220 ಮಿಲಿಆಂಪ್ ಅವರ್‌ನ ಸೆಲ್‌ಗೆ 5 ಮೈಕ್ರೋಆಂಪ್ ಆದರೆ ಐದು ವರ್ಷದ ಲೆಕ್ಕ, 50 ಆದರೆ ಆರು ತಿಂಗಳು. ಅಷ್ಟು ಎಳೆಯುತ್ತಿದ್ದರೆ ಸೆಲ್ ಸುತ್ತಲಿನ ಧೂಳು, ತೇವ, ಹಸಿರು ಕಿಲುಬನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ತಿಕ್ಕಿ, ಪೂರ್ತಿ ಒಣಗಿದ ಮೇಲೆ ಮತ್ತೆ ಅಳೆಯಿರಿ. ಸೆಟ್ಟಿಂಗ್ ಅಳಿಸಲು ಬಳಸುವ ಕ್ಲಿಯರ್ ಸಿಮಾಸ್ ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಟೋಪಿ) ತಪ್ಪು ಪಿನ್ ಮೇಲೆ ಉಳಿದಿದೆಯೇ ಎಂದೂ ನೋಡಿ.