ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು

ಕಾದಾಡಿ ಸತ್ತ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು ವೀರಗಲ್ಲು. ಅದರ ಬರಹವನ್ನು ಕನ್ನಡ ವಿಭಾಗ ಎತ್ತಿಕೊಳ್ಳುತ್ತದೆ, ಶಿಲ್ಪವನ್ನು ಕಲಾ ಇತಿಹಾಸದವರು ನೋಡಿಕೊಳ್ಳುತ್ತಾರೆ. ಒಂದೇ ಕಲ್ಲನ್ನು ಹೀಗೆ ಪಾಲು ಮಾಡಿಕೊಂಡಿರುವುದರಿಂದ ಇಬ್ಬರಿಗೂ ನಷ್ಟವಾಗಿದೆ. ಅಚ್ಚಾದ ಶಾಸನ ಸಂಪುಟದಲ್ಲಿ ಬರಹದ ಪಾಠ ಸಿಗುತ್ತದೆ, ಎಷ್ಟೋ ಸಲ ಚಿತ್ರ ಇರುವುದೇ ಇಲ್ಲ. ಆದ್ದರಿಂದ ಕಲ್ಲಿನ ಮುಂದೆ ಹೋಗಿ ನಿಲ್ಲದೆ ಬೇರೆ ದಾರಿಯಿಲ್ಲ.

ಸಾಮಾನ್ಯವಾಗಿ ಮೂರು ಫಲಕಗಳಿರುತ್ತವೆ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುವ ದೃಶ್ಯ. ಮೇಲೆ ಲಿಂಗ, ನಂದಿ, ಪೂಜಾರಿ, ಕೈಮುಗಿದು ಕುಳಿತ ವೀರ. ಜೈನನಾದರೆ ಲಿಂಗದ ಜಾಗದಲ್ಲಿ ಜಿನ. ತುದಿಯಲ್ಲಿ ಸೂರ್ಯ ಚಂದ್ರರು, ಅಂದರೆ ದತ್ತಿಯೂ ಕೀರ್ತಿಯೂ ಆಚಂದ್ರಾರ್ಕ, ಅವರಿರುವಷ್ಟು ಕಾಲ. ಬರಹ ಸಾಮಾನ್ಯವಾಗಿ ಫಲಕಗಳ ನಡುವಿನ ಪಟ್ಟಿಗಳಲ್ಲಿ ಇರುತ್ತದೆ. ಕಥೆ ಕೆಳಗಿನಿಂದ ಮೇಲಕ್ಕೆ ಏರಿದರೆ ಬರಹ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಇದು ಗೊತ್ತಿಲ್ಲದೆ ನೋಡಿದವರಿಗೆ ಕಲ್ಲು ದೇವರ ಪೂಜೆಯಿಂದ ಶುರುವಾಗಿ ಹೊಡೆದಾಟದಲ್ಲಿ ಮುಗಿದಂತೆ ಕಾಣುತ್ತದೆ.

ಅನೇಕ ವೀರಗಲ್ಲುಗಳಲ್ಲಿ ಈ ಶ್ಲೋಕವಿದೆ: ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ | ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ’. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ; ಗಳಿಗೆಯಲ್ಲಿ ಅಳಿಯುವ ಮೈಗೆ ರಣದಲ್ಲಿ ಸಾವು ಬಂದರೆ ಚಿಂತೆ ಏಕೆ? ನಡುವಿನ ಫಲಕ ‘ಮೃತೇನಾಪಿ ಸುರಾಂಗನಾ’ ಎಂಬ ಮಾತಿನ ರೂಪವೇ. ಕಾವ್ಯ ಮತ್ತು ಉಳಿ ಒಂದೇ ಕಲ್ಪನೆಯನ್ನು ಎರಡು ಬಗೆಯಲ್ಲಿ ಹೇಳುವುದನ್ನು ಇಷ್ಟು ಹತ್ತಿರದಲ್ಲಿ ತೋರಿಸುವ ವಸ್ತುಗಳು ನಮ್ಮಲ್ಲಿ ತೀರ ಕಡಿಮೆ.

ಮೊದಲು ಚಿತ್ರ, ಆಮೇಲೆ ಪಾಠ. ಈ ಕ್ರಮ ತಪ್ಪಬಾರದು. ಬರಹವನ್ನು ಮೊದಲು ಓದಿದವರ ಕಣ್ಣು ಅದು ಹೇಳಿದ್ದನ್ನಷ್ಟೇ ಹುಡುಕುತ್ತದೆ. ಕಾಗದದ ಮೇಲೆ ಪೆನ್ಸಿಲ್ಲಿನಿಂದ ಒರಟಾಗಿ ಬರೆದುಕೊಳ್ಳಿ: ಆಯುಧ ಯಾವುದು, ಎದುರಾಳಿಗಳು ಎಷ್ಟು, ಕುದುರೆ ಇದೆಯೇ, ಸತ್ತಿಗೆ (ಕೊಡೆ) ಹಿಡಿದವರಿದ್ದಾರೆಯೇ. ಅಂಚಿನಲ್ಲಿ ದನಗಳು ಕಂಡರೆ ಅದು ಬಹುಮಟ್ಟಿಗೆ ತುರುಗೋಳಿನ, ಅಂದರೆ ದನಗಳ ಸುಲಿಗೆಯ ಕಾಳಗದ ಕಲ್ಲು. ಆಮೇಲೆ ಪಾಠದೊಂದಿಗೆ ಹೋಲಿಸಿ, ಎರಡೂ ಎಲ್ಲಿ ಕೂಡಿಬರುವುದಿಲ್ಲವೋ ಅಲ್ಲಿ ಗುರುತು ಹಾಕಿ. ವೀರ ಉಳಿದವರಿಗಿಂತ ದೊಡ್ಡದಾಗಿ ಕಾಣುವುದು ಶಿಲ್ಪದ ರೂಢಿ. ಅದನ್ನು ಆಳಿನ ಎತ್ತರವೆಂದು ತಿಳಿಯಬಾರದು. ಹಾಗೆಯೇ ಶಾಸನದ ಆರಂಭದಲ್ಲಿ ರಾಜನ ಹೆಸರು ಬಂದ ಮಾತ್ರಕ್ಕೆ ಕಲ್ಲು ನಿಲ್ಲಿಸಿದವನು ರಾಜನೇ ಆಗಬೇಕಿಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಮೂರು ಫಲಕಗಳ ರೂಢಿಯನ್ನೇ ಮುರಿಯುತ್ತದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಇದರಲ್ಲಿ ನಾಯಿಯೊಂದು ಹಂದಿಯೊಡನೆ ಕಾದಾಡುತ್ತಿದೆ. ಚಿತ್ರವಷ್ಟೇ ನೋಡಿದರೆ ಬೇಟೆಯ ದೃಶ್ಯ ಅನ್ನಬಹುದು. ಪಾಠ ಓದಿದರೆ ಗಂಗರ ಬೂತುಗ, ರಾಷ್ಟ್ರಕೂಟ ಮೂರನೆಯ ಕೃಷ್ಣ, ಚೋಳರೊಡನೆ ತಕ್ಕೋಲದ ಯುದ್ಧ ಎಲ್ಲ ಬರುತ್ತವೆ. ಅಲ್ಲಿ ಶೌರ್ಯ ತೋರಿದ ಬೂತುಗನ ಆಳು ಮಣಲೇರ ಮೆಚ್ಚುಗೆಗೆ ಕೇಳಿಕೊಂಡದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಶಿಲ್ಪಿ ಅಷ್ಟು ದೊಡ್ಡ ಯುದ್ಧವನ್ನು ಬರಹಕ್ಕೆ ಬಿಟ್ಟು ನಾಯಿಯನ್ನು ಆರಿಸಿಕೊಂಡ. ಆ ಆಯ್ಕೆ ಎದ್ದು ಕಾಣುವುದು ಎರಡನ್ನೂ ಒಟ್ಟಿಗೆ ಓದಿದಾಗಲೇ.

ಕಾಲಗಣನೆಯಲ್ಲಿ ಎಡವುವವರು ಬಹಳ. ಶಕವರ್ಷಕ್ಕೆ 78 ಕೂಡಿಸಿ ಮುಗಿಸಬೇಡಿ. ಆತಕೂರಿನ ಪಾಠದಲ್ಲಿ ಶಕ 872, ಸೌಮ್ಯ ಸಂವತ್ಸರ. ಬರೀ ಕೂಡಿಸಿದರೆ 950 ಬರುತ್ತದೆ; ಸೌಮ್ಯ ಬೀಳುವುದು ಕ್ರಿ.ಶ. 949–50ಕ್ಕೆ. ಅಂದರೆ 872 ನಡೆಯುತ್ತಿದ್ದ ವರ್ಷ, ಕಳೆದದ್ದಲ್ಲ; 78 ಕೂಡಿಸುವ ಲೆಕ್ಕ ಕಳೆದ ವರ್ಷಗಳಿಗೆ ಹೊಂದುವಂಥದ್ದು. ಅರುವತ್ತರ ಚಕ್ರದ ಸಂವತ್ಸರದ ಹೆಸರು ಇಂಥ ಕಡೆ ಕೈಹಿಡಿಯುತ್ತದೆ. ಓದುವಾಗ ಪದಗಳ ನಡುವೆ ಜಾಗ ಇರುವುದಿಲ್ಲ, ಎ–ಏ, ಒ–ಓ ಗಳ ವ್ಯತ್ಯಾಸವನ್ನೂ ಅಕ್ಷರ ತೋರಿಸುವುದಿಲ್ಲ. ಅರ್ಥ ನೋಡಿಯೇ ಬಿಡಿಸಬೇಕು.

ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ತಿಕ್ಕುವ ಚಾಳಿ ಇನ್ನೂ ಹೋಗಿಲ್ಲ. ದಯವಿಟ್ಟು ಬೇಡ. ಪುಡಿ ಸವೆದ ಗೆರೆಗಳಲ್ಲಿ ಕೂತು ಬಿರುಕನ್ನೂ ಅಕ್ಷರವನ್ನಾಗಿ ಮಾಡುತ್ತದೆ, ಮುಂದಿನವರೂ ಅದೇ ತಪ್ಪನ್ನು ಓದುತ್ತಾರೆ. ಬೇಕಾದದ್ದು ಓರೆ ಬೆಳಕು. ಕಲ್ಲಿನ ಮುಖಕ್ಕೆ ಬಿಸಿಲು ಪಕ್ಕದಿಂದ ಸವರಿಕೊಂಡು ಬೀಳುವ ಹೊತ್ತು ನೋಡಿ. ಆಗದಿದ್ದರೆ ಸಂಜೆ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಒಂದೊಂದು ಫೋಟೊ ತೆಗೆಯಿರಿ. ಕ್ಯಾಮೆರಾ ಕದಲಬಾರದು. ಒಂದರಲ್ಲಿ ಮುಚ್ಚಿಹೋದ ಗೀಟು ಇನ್ನೊಂದರಲ್ಲಿ ಕಾಣುತ್ತದೆ. ಅಳತೆಪಟ್ಟಿ ಚೌಕಟ್ಟಿನಲ್ಲಿರಲಿ.

ಪಡಿಯಚ್ಚನ್ನು, ಅಂದರೆ ಬರಹದ ಮಸಿ ನಕಲನ್ನು, ಮಾತ್ರ ಬಲ್ಲವರ ಜೊತೆಗೇ ತೆಗೆಯಬೇಕು. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್ಷಿನಿಂದ ತಟ್ಟಿ ಅಕ್ಷರದ ಗುಳಿಗೆ ಇಳಿಸಿ, ಅರೆಬರೆ ಒಣಗಿದ ಮೇಲೆ ಮಸಿ ಒತ್ತುತ್ತಾರೆ. ಕಾಗದ ತೀರ ಹಸಿಯಿದ್ದರೆ ಮಸಿ ಹರಡಿ ಗುಳಿಗೂ ಇಳಿಯುತ್ತದೆ, ಹರಿದರೆ ಮಸಿ ಕಲ್ಲಿಗೇ ಅಂಟುತ್ತದೆ. ಸಂರಕ್ಷಿತ ಸ್ಮಾರಕವಾದರೆ ಅನುಮತಿ ಬೇಕು, ಊರವರು ಪೂಜಿಸುವ ಕಲ್ಲಾದರೆ ಅವರನ್ನು ಕೇಳಬೇಕು.

ಅರ್ಧ ಹೂತ ಕಲ್ಲುಗಳಲ್ಲಿ ಇನ್ನೊಂದು ಅಪಾಯವಿದೆ. ಮಣ್ಣಿನೊಳಗೆ ಹೋಗಿರುವುದು ಕೆಳಗಿನ ಫಲಕ, ಅಂದರೆ ವೀರ ಯಾಕೆ ಸತ್ತ ಎಂದು ಹೇಳುವ ಭಾಗವೇ. ಮೇಲಿನ ಎರಡು ಫಲಕ ಮಾತ್ರ ಕಂಡರೆ ತುರುಗೋಳೋ ಗಡಿಕಾಳಗವೋ ಎಂದು ಊಹಿಸಿ ಬರೆಯಬೇಡಿ. ‘ಕೆಳಫಲಕ ಹೂತಿದೆ’ ಎಂದು ಟಿಪ್ಪಣಿ ಹಾಕಿ, ನೆಲದ ಮೇಲೆ ಕಾಣುವ ಎತ್ತರವನ್ನು ಅಳೆದು, ಊರಿನ ಹೆಸರಿನ ಜೊತೆ ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನೂ ಬರೆದಿಡಿ.