ಹಸಿರು ನೀರು ಎಲ್ಲಿ?

ಕಳೆದ ವಾರ ಪಕ್ಕದ ಮನೆಯ ಏಳು ವರ್ಷದ ಹುಡುಗಿ ನಮ್ಮ ಅಡುಗೆಮನೆಗೆ ಬಂದಿದ್ದಳು. ನಾನು ಹಬೆಯಲ್ಲೇ ಬೇಯಿಸುವ ಸ್ಟೀಮ್ ಓವನ್‌ನಿಂದ ಬೀನ್ಸ್ ಹೊರಗೆ ತೆಗೆದೆ. ಕೆಳಗಿನ ಟ್ರೇಯಲ್ಲಿ ನಾಲ್ಕೈದು ಚಮಚ ನೀರು ಇಳಿದಿತ್ತು. ಅವಳು ಬಗ್ಗಿ ನೋಡಿ ಕೇಳಿದಳು, "ಹಸಿರು ನೀರು ಎಲ್ಲಿ? ಅಮ್ಮ ದಿನಾ ಸಿಂಕಿಗೆ ಚೆಲ್ಲುತ್ತಾಳಲ್ಲ, ಅದು."

ನನಗೆ ಚುರುಕ್ ಅಂತು. ಹೋದ ವರ್ಷದವರೆಗೂ ನಾನೂ ಹಾಗೇ ಚೆಲ್ಲುತ್ತಿದ್ದೆ. ವಿಟಮಿನ್ ಸಿ ನೀರಲ್ಲಿ ಕರಗುತ್ತದೆ. ತರಕಾರಿ ಮುಳುಗಿ ಬೆಂದರೆ ಅದರಲ್ಲಿ ಒಂದಷ್ಟು ಆ ನೀರಿನ ಜೊತೆಗೇ ಹೋಗಿಬಿಡುತ್ತದೆ. ಹಬೆಯಲ್ಲಿ ಬೇಯಿಸಿದರೆ ಜಾಸ್ತಿ ಉಳಿಯುತ್ತದೆ, ರುಚಿಯೂ ಅಷ್ಟೇ. ಈಗ ಬೀನ್ಸಿಗೆ ಚಿಟಿಕೆ ಉಪ್ಪು ಸಾಕು.

ಈ ಓವನ್ನಿನಲ್ಲಿ ನಿನ್ನೆಯ ಅನ್ನವೂ ಒಣಗದೆ ಬಿಸಿಯಾಗುತ್ತದೆ. ಬ್ರೆಡ್ಡಿಗೆ ಮೊದಲ ಹತ್ತು ನಿಮಿಷ ಹಬೆ ಕೊಟ್ಟರೆ ಮೇಲ್ಪದರ ಬೇಗ ಗಟ್ಟಿಯಾಗುವುದಿಲ್ಲ, ಚೆನ್ನಾಗಿ ಉಬ್ಬುತ್ತದೆ. ಕೆಂಪಗೆ ಗರಿಗರಿ ಆಗಬೇಕಾದರೆ ಮಾತ್ರ ಬರೀ ಹಬೆ ಸಾಲದು, ಆಮೇಲೆ ಒಣ ಶಾಖ ಬೇಕು. ಗಡಸು ನೀರಾದರೆ ಒಳಗೆ ಬಿಳಿ ಪದರ ಕಟ್ಟುತ್ತದೆ, ಆಗಾಗ ತೆಗೆಯಬೇಕು.

ಆದರೆ ನನಗೆ ದೊಡ್ಡದು ಅನ್ನಿಸಿದ್ದು ಬೇರೆ. ಎಷ್ಟು ನಿಮಿಷ ಅಂತ ಗುಂಡಿ ಒತ್ತಿ ನಾನು ಹೋಗಿ ಕೂರಬಹುದು.

ನನ್ನ ಅಮ್ಮ ಕೂರುತ್ತಿರಲಿಲ್ಲ. ಹಬೆಯಲ್ಲಿ ಬೇಯಿಸುವ ದಿನ ಅಡಿಯ ನೀರು ಬತ್ತಿತೇನೋ ಅಂತ ಮತ್ತೆ ಮತ್ತೆ ಮುಚ್ಚಳ ಎತ್ತಿ ನೋಡುತ್ತಿದ್ದಳು. ಕನ್ನಡಕ ಮಂಜಾಗುತ್ತಿತ್ತು. ಹಬೆ ಕೈಗೆ ತಾಗಿ ನೀರಾಗುವಾಗ ಬಿಟ್ಟುಕೊಡುವ ಶಾಖ ಸಣ್ಣದಲ್ಲ. ಅಷ್ಟೇ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾದ ಶಾಖದ ಐದು ಪಟ್ಟಿಗಿಂತಲೂ ಹೆಚ್ಚು. ತರಕಾರಿ ಬೇಗ ಬೇಯುವುದೂ ಅದರಿಂದಲೇ, ಅಮ್ಮನ ಮಣಿಕಟ್ಟಿನ ಮೇಲೆ ಹುಣಸೆಬೀಜದಷ್ಟು ಕಲೆ ಉಳಿದಿರುವುದೂ ಅದರಿಂದಲೇ.

ನಮ್ಮ ಮನೆಗೆ ಟಿವಿ ಬಂತು, ಸ್ಕೂಟರ್ ಬಂತು. ಅಡುಗೆಮನೆಗೆ ಏನು ಬೇಕು ಅಂತ ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ರಾತ್ರಿ ವಿಡಿಯೋ ಕಾಲ್ ಮಾಡಿ ಅಮ್ಮನಿಗೆ ಓವನ್ ತೋರಿಸಿದೆ. ಗಾಜಿನ ಒಳಗೆ ಹಬೆ ಸುತ್ತುತ್ತಿತ್ತು. ನಾನು ಬಾಗಿಲಿಗೆ ಕೈ ಹಾಕಿದ್ದೇ ತಡ, ಅಷ್ಟು ದೂರದಿಂದ ಅಮ್ಮ ಕೂಗಿದಳು, "ಹಿಂದೆ ಸರಿಯೇ, ಮುಖಕ್ಕೆ ಹೊಡೆಯುತ್ತೆ!"